ಮಾವನ ಮರೆವಿಗೆ ಸೊಪ್ಪಿನ ಮದ್ದು

ಮರೆತದ್ದು ಮಾವ, ಅನುಭವಿಸಿದ್ದು ಸೊಸೆಯಾದ ನಾನು. ತೊಂಬತ್ತರ ದಶಕದ ಕೊನೆಯಲ್ಲಿ, ನೊಣವಿನಕೆರೆ ಹತ್ತಿರದ ನಮ್ಮ ಮನೆಯಲ್ಲಿ ಒಂದು ವರ್ಷ ನಾನು ಬಿಡಿಸಿದ ಸೊಪ್ಪನ್ನೆಲ್ಲ ರಾಶಿ ಹಾಕಿದ್ದರೆ ಎತ್ತಿನಗಾಡಿ ತುಂಬುತ್ತಿತ್ತು. ಇಷ್ಟಕ್ಕೆಲ್ಲ ಕಾರಣ ನಮ್ಮ ಅಟ್ಟ.

ನಮ್ಮ ಕಡೆ ತೆಂಗಿನಕಾಯಿ ಕೆಡವಿದ ಕೂಡಲೇ ಮಾರುವವರು ಕಡಿಮೆ. ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ಕಾಯಿ ಕೊಬ್ಬರಿಯಾಗಿ, ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ನಮ್ಮ ಅಟ್ಟದಲ್ಲಿ ಕಂಬದಿಂದ ಕಂಬಕ್ಕೆ ಒಂದರಂತೆ ಮೂರು ಅಂಕಣ. ಯಾವ ಅಂಕಣದ್ದು ಯಾವ ಕೊಯ್ಲು ಅನ್ನುವುದು ಮಾವನ ತಲೆಯಲ್ಲಿ ಬಿಟ್ಟರೆ ಇನ್ನೆಲ್ಲೂ ಇರಲಿಲ್ಲ.

ಆ ಸಲ ಕಾಯಿ ಸುಲಿಯುವವರು ಬರುವ ದಿನವೇ ಮಾವನಿಗೆ ತಿಪಟೂರಿನಲ್ಲಿ ಕೆಲಸ ಬಿತ್ತು. ಯಾವ ಅಂಕಣ ಇಳಿಸಬೇಕೆಂದು ಅತ್ತೆಗೆ ಹೇಳಿ ಬಸ್ಸು ಹತ್ತಿದರು. ಅತ್ತೆ ಆಳುಗಳಿಗೆ ಮೂಡಲ ಅಂಕಣ ತೋರಿಸಿದರು. ಅವರು ಅಂಗಳದ ತುಂಬ ಸುಲಿದು ಹಾಕಿ, ಒಂದನ್ನು ಒಡೆದರೆ ಒಳಗೆ ನೀರು! ಇನ್ನೊಂದು ಒಡೆದರೂ ನೀರು.

"ಏನ್ ಅಮ್ಮಾರೇ, ಕೊಬ್ರಿಗೆ ಕರ್ಸಿದ್ರೋ, ತೀರ್ಥ ಕೊಡಕ್ಕೆ ಕರ್ಸಿದ್ರೋ?" ಎಂದ ಸುಲಿಯುವವ. "ತೂಕ ನೋಡ್ದಾಗ್ಲೇ ಅನುಮಾನ ಬಂತು. ಯಜಮಾನ್ರೇ ಹೇಳವ್ರೆ ಅಂದ್ರಲ್ಲಾ ಅಂತ ಸುಲಿದ್ವಿ."

ಸಂಜೆ ಮಾವ ಬಂದರು. ಅಂಗಳ ನೋಡಿದರು, ಅತ್ತೆಯ ಮುಖ ನೋಡಿದರು. "ನಂದೇ ತಪ್ಪು ಕಣ್ರಪ್ಪ. ಮರ್ತು ಬ್ಯಾರೆ ಅಂಕಣ ಹೇಳ್ಬುಟ್ಟಿದ್ದೀನಿ" ಅಂದುಬಿಟ್ಟರು.

ಅಷ್ಟೇ ಸಾಕಾಯಿತು ಅತ್ತೆಗೆ. ಮಾವನ ಅಣ್ಣನಿಗೆ ಕೊನೆಗಾಲದಲ್ಲಿ ಮರೆವಿನ ರೋಗ ಬಂದಿತ್ತು. ಒಂದು ದಿನ ನಮ್ಮ ಮಾವನನ್ನೇ ಹಿಡಿದು "ಯಾವೂರಪ್ಪ ನಿಂದು?" ಎಂದು ಕೇಳಿದ್ದರು. ತಮ್ಮ ಗಂಡನಿಗೂ ಅದೇ ಬಂತು, ಇನ್ನು ತಮ್ಮನ್ನೂ ಯಾರಮ್ಮ ನೀನು ಅಂತ ಕೇಳುವ ದಿನ ದೂರವಿಲ್ಲ ಎಂದು ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಸುಲಿದ ಕಾಯಿ ಖಾಲಿ ಮಾಡಲು ನಾವು ದಿನಾ ಚಟ್ನಿ ತಿಂದೆವು.

ಅತ್ತು ಕೂರುವ ಹೆಂಗಸಲ್ಲ ನಮ್ಮತ್ತೆ. ಭಾನುವಾರದ ಪೇಪರಿನಲ್ಲಿ ವಿಟಮಿನ್ ಇ ಬಗ್ಗೆ ಬಂದಿತ್ತು. ಸೊಪ್ಪು, ಕಡಲೆಕಾಯಿ, ಸೂರ್ಯಕಾಂತಿ ಬೀಜದಲ್ಲಿ ಅದು ಇರುತ್ತದಂತೆ, ಮಿದುಳು ಸವೆಯದಂತೆ ಕಾಪಾಡಿದರೂ ಕಾಪಾಡಬಹುದಂತೆ. ಮಾರನೆಯ ದಿನವೇ ಮಾವನನ್ನೂ ನನ್ನನ್ನೂ ಎಳೆದುಕೊಂಡು ತಿಪಟೂರಿನ ಡಾಕ್ಟರ ಹತ್ತಿರ ಹೊರಟರು.

"ಇನ್ನೂ ಪರೀಕ್ಷೆ ಮಾಡ್ತಾ ಇದ್ದಾರಮ್ಮ, ಗ್ಯಾರಂಟಿ ಯಾರೂ ಕೊಡಲ್ಲ" ಎಂದರು ಡಾಕ್ಟರು. "ಸೊಪ್ಪು, ಬೀಜ ತಿನ್ನಿ, ಒಳ್ಳೇದೇ. ಕೇಳದೆ ಮಾತ್ರೆ ಮಾತ್ರ ನುಂಗಬೇಡಿ."

ಮಾವ ಕುರ್ಚಿ ಮುಂದಕ್ಕೆಳೆದರು. "ಕೊಬ್ರೀಲಿ ಎಷ್ಟೈತೆ ಸ್ವಾಮಿ ಅದು?"

"ಕೊಬ್ಬರೀಲಾ? ಇಲ್ಲ ಅನ್ನೋಷ್ಟು ಕಡಿಮೆ."

ಕೊಬ್ಬರಿಯಿಂದಲೇ ಬದುಕುವ ತಿಪಟೂರಿನಲ್ಲಿ ಕೂತು ಹೀಗನ್ನಲು ಧೈರ್ಯ ಬೇಕು. ಬಸ್ಸಿಡೀ ಮಾವನದು ಒಂದೇ ಗೊಣಗಾಟ. "ಇವ್ನೆಂಥ ಡಾಕ್ಟ್ರು ಕಣವ್ವ? ಕೊಬ್ರೀಲಿ ಇಲ್ದೇ ಇರೋದು ಗಿಣಿ ತಿನ್ನೋ ಬೀಜ್ದಾಗೆ ಇರ್ತದಾ?" ಪಕ್ಕದ ಸೀಟಿನವರೆಲ್ಲ ಹೌದೌದೆಂದು ತಲೆಯಾಡಿಸಿದರು. ಎಲ್ಲರೂ ತೋಟದವರೇ.

ಅಂದಿನಿಂದ ಶುರುವಾಯಿತು ನನ್ನ ಕರ್ಮ. ಬೆಳಿಗ್ಗೆ ನುಗ್ಗೆಸೊಪ್ಪು, ಮಧ್ಯಾಹ್ನ ದಂಟಿನಸೊಪ್ಪು, ಸಂಜೆ ಹುರಿದ ಕಡಲೆಬೀಜ. ಒಂದೆಲಗ ನೆನಪಿಗೆ ಒಳ್ಳೇದೆಂದು ಯಾರೋ ಅಂದರು, ಅದೂ ಬಂತು. ನುಗ್ಗೆಸೊಪ್ಪು ಬಿಡಿಸಿ ಬಿಡಿಸಿ ಪೇಪರಿನವರಿಗೆ ಮನಸ್ಸಿನಲ್ಲೇ ಹಿಡಿಶಾಪ ಹಾಕಿದೆ. ಮಾವನದು ಬೇರೆ ಹಟ. ಅತ್ತೆಯೂ ಜೊತೆಗೆ ಕೂತು ಅಷ್ಟೇ ತಿಂದರೆ ಮಾತ್ರ ತಿನ್ನುತ್ತಾರಂತೆ! ಅತ್ತೆ ಒಂದು ತುತ್ತು ಬಿಟ್ಟರೂ ತಟ್ಟೆ ತಳ್ಳಿಬಿಡುವರು. ಇಷ್ಟು ವಯಸ್ಸಾದ ಗಂಡಸಿಗೆ ಇದೆಂಥ ಚಿಕ್ಕ ಮಕ್ಕಳಾಟ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು.

ಊಟವಾದ ಮೇಲೆ ಪರೀಕ್ಷೆ. "ರೀ, ಇವತ್ತು ಯಾವ ವಾರ?" ಎಂದು ಅತ್ತೆ ಶುರು ಮಾಡುವರು.

"ನೀನ್ ಹೇಳು, ಸರಿಯಾಗ್ ಹೇಳ್ತೀಯಾ ನೋಡಾನ" ಎಂದು ಮಾವ ತಿರುಗಿಸುವರು.

"ನೋಡಿದ್ಯೇನೇ, ಗೊತ್ತಿಲ್ದೆ ಹೆಂಗ್ ಜಾರ್ಕೊತಾರೆ!" ಎಂದು ಅತ್ತೆ ನನ್ನ ಕಡೆ ನೋಡಿ ನಿಟ್ಟುಸಿರು ಬಿಡುವರು.

ಮರುವರ್ಷ ಮತ್ತೆ ಅಟ್ಟ ಇಳಿಸುವ ಕಾಲ ಬಂತು. ಈ ಸಲ ಮಾನ ಹೋಗುವುದು ಬೇಡವೆಂದು, ಮಾವನ ಹಿಂದೆ ನಾನೇ ಏಣಿ ಹತ್ತಿದೆ. ಅವರು ಒಂದೊಂದೇ ಅಂಕಣ ತೋರಿಸುತ್ತಾ, ಇದು ಗೌರಿಹಬ್ಬದ ಮುಂಚಿನ ಕೊಯ್ಲು, ಇದು ಬಾವಿ ಪಕ್ಕದ ಮರಗಳದು, ಇದು ಕೆಡವಿದ ದಿನ ಮಳೆಗೆ ಸಿಕ್ಕಿತ್ತು ಎಂದು ನೀರು ಕುಡಿದಷ್ಟು ಸಲೀಸಾಗಿ ಹೇಳಿದರು. ಎಲ್ಲ ಕಡೆಯಿಂದ ಒಂದೊಂದು ಕಾಯಿ ಎತ್ತಿ ಅಲ್ಲಾಡಿಸಿ ನೋಡಿದೆ. ಹಳೆಯದರಲ್ಲಿ ಕೊಬ್ಬರಿ ಗಡಗಡ, ಹೊಸದರಲ್ಲಿ ನೀರಿನ ಸದ್ದು. ಒಂದೂ ತಪ್ಪಿರಲಿಲ್ಲ.

"ಭೇಷ್ ಮಾವ! ಸೊಪ್ಪು ಕೆಲ್ಸ ಮಾಡೈತೆ ಬುಡಿ" ಎಂದೆ.

ಮಾವ ನಗಲಿಲ್ಲ. ಕೆಳಗೆ ಅಡುಗೆಮನೆ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. "ನಂಗ್ಯಾವತ್ತು ಮರ್ತಿತ್ತು ಕಣವ್ವ? ಹೋದ್ವರ್ಷ ನಾನು ಹೇಳಿದ್ದು ನಡೂ ಅಂಕಣ. ನಿಮ್ಮತ್ತೆ ತೋರ್ಸಿದ್ದು ಮೂಡ್ಲದು. ಅವ್ಳಿಗೆ ನಾನ್ ಹೇಳಿದ್ದೂ ಗ್ಯಾಪ್ಕ ಇಲ್ಲ, ತಾನ್ ತಪ್ಪು ತೋರ್ಸಿದ್ದೂ ಗ್ಯಾಪ್ಕ ಇಲ್ಲ. ಅದಕ್ಕೂ ಮುಂಚಿಂದ್ಲೂ ನೋಡ್ತಿದ್ದೀನಿ. ನಮ್ಮಣ್ಣಂಗೂ ಹಿಂಗೇ ಶುರುವಾಗಿದ್ದು."

"ಅಯ್ಯೋ, ಡಾಕ್ಟ್ರಿಗಾದ್ರೂ ಹೇಳ್ಬಾರ್ದಿತ್ತಾ ಮಾವ?"

"ಆವತ್ತೇ ಹೇಳ್ದೆ, ಕೊನೇಗೆ ನಿಮ್ಮಿಬ್ರನ್ನೂ ಹೊರಗೆ ಕೂರ್ಸಿ. ಸದ್ಯಕ್ಕೆ ಮಾಡಕ್ಕಾಗೋದು ಇಷ್ಟೇ ಅಂದ್ರು, ಹುಷಾರಾಗ್ ನೋಡ್ಕೊಳಿ, ಚೆನ್ನಾಗ್ ತಿನ್ಸಿ ಅಂದ್ರು. ಮರೆವು ನಿಂಗೈತೆ ಅಂದ್ರೆ ಇವ್ಳು ಕುಂತಲ್ಲೇ ಕುಸಿದೋಗ್ತಾಳೆ. ನಂಗೈತೆ ಅಂದ್ರೆ, ನೋಡ್ದಲ್ಲ, ಸೊಂಟ ಕಟ್ಕೊಂಡು ನಿಂತ್ಳು."

ಕೈಯಲ್ಲಿದ್ದ ಕಾಯಿಯನ್ನು ಅದರ ಅಂಕಣಕ್ಕೇ ಇಟ್ಟೆ. ಒಂದು ವರ್ಷ ನಾವೆಲ್ಲ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದು ಮಾವನನ್ನು. ಅತ್ತೆಯನ್ನು ನೋಡಿದವರು ಮಾವ ಒಬ್ಬರೇ.

ಕೆಳಗೆ ಬಂದರೆ ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು. "ಏನೇ, ಹೊತ್ತೆಷ್ಟಾಯ್ತು, ಅವ್ರಿಗಿನ್ನೂ ಊಟಕ್ಕಿಕ್ಕಿಲ್ವಲ್ಲೇ? ಹಸ್ಕೊಂಡು ಅಟ್ಟ ಹತ್ತವ್ರಲ್ಲ!"

ಸ್ವಲ್ಪ ಹೊತ್ತಿಗೆ ಮುಂಚೆ ಇಬ್ಬರಿಗೂ ಬಡಿಸಿದ್ದವಳು ನಾನೇ. ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ ಕೈ ತೊಳೆದುಕೊಂಡು ಬಂದು ಮಣೆ ಮೇಲೆ ಕೂತರು.

"ಹೊಟ್ಟೆ ತಾಳ ಹಾಕ್ತೈತೆ. ಇಕ್ಕವ್ವ ಬೇಗ" ಎಂದರು.