ಅರ್ಧ ಬಕೆಟ್ ತಣ್ಣೀರು ತಂದವರಿಗೆ ಮಾತ್ರ

ಕಳೆದ ಸೋಮವಾರ ಬೆಳಿಗ್ಗೆ ಏಳು ಗಂಟೆಯೊಳಗೆ ನಾನು ಹನ್ನೊಂದು ಜನರನ್ನು ಹೊರಗೆ ಹಾಕಿದೆ. ಅವರಲ್ಲಿ ಒಬ್ಬರು ಕಾಲೇಜಿನ ಪ್ರಿನ್ಸಿಪಾಲರು. ಇನ್ನೊಬ್ಬ ಮದುವೆಯ ಕಾರ್ಡು ಕಳಿಸಿದವನು. ಉಳಿದ ಒಂಬತ್ತು ಮಂದಿ ಗುಲಾಬಿ ಹೂವಿನವರು.

ಗಾಬರಿ ಬೇಡ. ಹೊರಗೆ ಹಾಕಿದ್ದು ಫೋನಿನ ಗ್ರೂಪಿನಿಂದ.

ಇಪ್ಪತ್ತೊಂಬತ್ತು ವರ್ಷ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದವಳು ನಾನು ಎಂಬುದು ಈ ಅಂಕಣ ಓದುವವರಿಗೆ ಗೊತ್ತೇ ಇದೆ. ಐದಕ್ಕೆ ಗಂಟೆ, ಐದೂವರೆಗೆ ಸ್ನಾನದ ಸಾಲು, ಏಳಕ್ಕೆ ಓದು, ಎಂಟಕ್ಕೆ ಉಪ್ಪಿಟ್ಟು. ನಿವೃತ್ತಳಾಗಿ ಶಹಾಪುರದ ಮನೆಗೆ ಬಂದ ಮೇಲೂ ಐದಕ್ಕೇ ಏಳುತ್ತೇನೆ. ಎಬ್ಬಿಸಲು ಯಾರೂ ಇಲ್ಲ ಎಂಬುದೊಂದೇ ಕೊರತೆ. (ಪಕ್ಕದ ಮನೆಯವರನ್ನು ಎಬ್ಬಿಸಿ ನೋಡಿದೆ. ಅವರಿಗೆ ಹಿಡಿಸಲಿಲ್ಲ.)

ಇಂಥವಳ ಕೈಗೆ ಮುನ್ನೂರು ಜನ ಪ್ರೋಗ್ರಾಮರ್‌ಗಳು ಸಿಕ್ಕಿದ್ದು ಹೇಗೆ?

ನನ್ನ ತಂಗಿಯ ಮಗಳು ರೇಣುಕಾ ಯಾದಗಿರಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಯಾದಗಿರಿ, ಶಹಾಪುರ, ಸುರಪುರದ ಕಡೆ ಪ್ರೋಗ್ರಾಮ್ ಬರೆಯುವವರಿಗೆಂದು ಮೂರು ವರ್ಷದ ಹಿಂದೆ ಒಂದು ಗ್ರೂಪ್ ಕಟ್ಟಿದಳು. ಬರೆದ ಕೋಡ್ ಎಲ್ಲಿ ಕೆಟ್ಟಿತು ಎಂದು ಅಲ್ಲಿ ಕನ್ನಡದಲ್ಲೇ ಕೇಳಬಹುದು, ಗೊತ್ತಿದ್ದವರು ಕನ್ನಡದಲ್ಲೇ ಹೇಳುತ್ತಾರೆ. (ಕೋಡ್ ಎಂದರೆ ನಾವು ಕಂಪ್ಯೂಟರಿಗೆ ಹೇಳುವ ಮಾತಂತೆ. ಅದು ಹೇಳಿದ್ದನ್ನಷ್ಟೇ ಮಾಡುತ್ತದೆ, ನಾವು ಮನಸ್ಸಿನಲ್ಲಿ ಅಂದುಕೊಂಡಿದ್ದನ್ನು ಮಾಡುವುದಿಲ್ಲ. ಹಾಸ್ಟೆಲಿನ ಅಡುಗೆಯವನೂ ಹಾಗೇ ಇದ್ದ.)

ನಾನು ಹೇಳಿದ ಆ ಸೋಮವಾರದ ಹಿಂದಿನ ದಿನ, ಭಾನುವಾರ, ರೇಣುಕಾ ಮನೆಗೆ ಬಂದಳು. ಮುಖ ನಿನ್ನೆಯ ಮೆಂತೆಪಲ್ಲೆಯ ಹಾಗೆ ಬಾಡಿತ್ತು.

"ದೊಡ್ಡವ್ವ, ಹಣಮಂತಣ್ಣ ಗ್ರೂಪ್ ಬಿಟ್ಟು ಹೋದ."

"ಯಾರವ?"

"ಕಡೇಚೂರಿನ್ಯಾಗ ಫ್ಯಾಕ್ಟರಿ ಕೆಲಸ ಮಾಡ್ತಾನ. ಪ್ರೋಗ್ರಾಮಿಂಗ್ ತಾನಾ ಕಲ್ತಾನ. ನಮ್ಮ ಗ್ರೂಪಿನ್ಯಾಗ ಖರೇ ಉತ್ತರ ಕೊಡಾಂವ ಅವನೊಬ್ಬನೇ. ಅವ ಇಲ್ಲಂದ್ರ ಗ್ರೂಪ್ ಮುಚ್ಚೋದೇ ಮತ್ತ. ಮೂರು ವರ್ಷ ಕಟ್ಟೀನಿ, ದೊಡ್ಡವ್ವ."

"ಯಾಕ ಬಿಟ್ಟ?"

ಅವಳು ಫೋನ್ ನನ್ನ ಕೈಗೆ ಕೊಟ್ಟಳು.

ನೋಡಿದೆ. ಮೊದಲು ಹದಿನೇಳು ಗುಲಾಬಿ. ಅದರ ಕೆಳಗೆ ಒಬ್ಬನ ಪ್ರಶ್ನೆ: "ಸರ್, ನಡೀವಲ್ದು." ಏನು ನಡೆಯುತ್ತಿಲ್ಲ? ಬೈಕೋ, ಎತ್ತೋ, ಸಂಸಾರವೋ? ಅದರ ಕೆಳಗೆ ಇನ್ನೊಬ್ಬ: "ನಂದೂ ನಡೀವಲ್ದು." ಮೂರನೆಯವನ ಪರಿಹಾರ: "ಆಫ್ ಮಾಡಿ ಆನ್ ಮಾಡ್ರಿ." ಮತ್ತೊಬ್ಬ ಕಂಪ್ಯೂಟರ್ ಪರದೆಯ ಫೋಟೋ ಹಾಕಿದ್ದ. ತಪ್ಪು ಎಲ್ಲಿದೆ ಎಂದು ಕಂಪ್ಯೂಟರ್ ತೋರಿಸಿದ ಸಾಲಿನ ಮೇಲೆ ಟ್ಯೂಬ್‌ಲೈಟ್ ಹೊಳೆಯುತ್ತಿತ್ತು. ಫೋಟೋದಲ್ಲಿ ಸ್ಪಷ್ಟವಾಗಿ ಕಾಣುತ್ತಿದ್ದದ್ದು ಅವನ ಕಾಲಿನ ಹೆಬ್ಬೆರಳು.

ಕಂಪ್ಯೂಟರ್ ಭಾಷೆಗಳಲ್ಲಿ ಯಾವುದು ಛಲೋ ಎಂದು ಗುರುವಾರ ಇಬ್ಬರ ನಡುವೆ ಶುರುವಾದ ವಾದ, ಶನಿವಾರದ ಹೊತ್ತಿಗೆ ಶಹಾಪುರದ ಭಜಿ ಛಲೋನೋ ಸುರಪುರದ ಭಜಿ ಛಲೋನೋ ಎಂಬಲ್ಲಿಗೆ ಬಂದು ನಿಂತಿತ್ತು. (ಶಹಾಪುರದ್ದು. ಆದರೆ ಅದು ಬೇರೆ ಮಾತು.)

"ನೀ ನಾಲ್ಕುನೂರು ಹುಡುಗೀರನ್ನ ಸಂಭಾಳಿಸಿದಾಕಿ. ಒಂದು ವಾರ ಇವರನ್ನ ಸಂಭಾಳಿಸು. ಹಣಮಂತಣ್ಣ ತಿರುಗಿ ಬರಂಗ ಮಾಡು" ಎಂದಳು ರೇಣುಕಾ. ಅಲ್ಲೇ ಕೂತು ನನ್ನನ್ನು ಅಡ್ಮಿನ್ ಮಾಡಿದಳು. ಯಾರನ್ನಾದರೂ ತೆಗೆಯುವ ಬಟನ್ ಎಲ್ಲಿದೆ ಎಂದೂ ತೋರಿಸಿದಳು. ಅದೇ ತಪ್ಪಾಯಿತು.

ಸೋಮವಾರ ಐದಕ್ಕೆ ಟೈಮ್‌ಟೇಬಲ್ ಹಾಕಿದೆ. ನಮಸ್ಕಾರ: ಆರರಿಂದ ಆರೂ ಹತ್ತು. ಪ್ರಶ್ನೆ: ಏಳರಿಂದ ಒಂಬತ್ತು. ಉತ್ತರ: ಒಂಬತ್ತರಿಂದ ಹತ್ತು. ಜಗಳ: ಭಾನುವಾರ ಸಂಜೆ ನಾಲ್ಕರಿಂದ ಐದು, ಹಾಸ್ಟೆಲಿನಲ್ಲಿ ಪಾಲಕರ ಭೇಟಿಗೆ ಇಟ್ಟಿದ್ದ ಸಮಯ. ಆರೂ ಹನ್ನೊಂದಕ್ಕೆ ಮೊದಲ ಗುಲಾಬಿ ಬಂತು. ತೆಗೆದೆ.

ಏಳೂವರೆಗೆ ರೇಣುಕಾಳ ಫೋನು.

"ದೊಡ್ಡವ್ವ! ನಮ್ಮ ಪ್ರಿನ್ಸಿಪಾಲರನ್ನೇ ಹೊರಗ ಹಾಕಿಯಲ್ಲ!"

"ಗುಲಾಬಿ ಕಳಿಸಿದ್ರು. ಅದೂ ಮಿಣಮಿಣ ಮಿಂಚೋದು."

"ನನ್ನ ಪಗಾರಕ್ಕ ಅವರೇ ಸಹಿ ಮಾಡೋದು!"

"ಹಂಗಾರ ಅವರಿಗಿ ಟೈಮ್ ನೋಡಾಕ ಬರಬೇಕಿತ್ತು."

ಮಂಗಳವಾರ ಗ್ರೂಪಿನಲ್ಲಿ ಒಂದು ಸದ್ದಿಲ್ಲ. ಬುಧವಾರವೂ ಇಲ್ಲ. ನನಗೆ ಹೆಮ್ಮೆ. ಓದಿನ ವೇಳೆಯಲ್ಲಿ ಹಾಸ್ಟೆಲ್ ಹೀಗೇ ಇರುತ್ತಿತ್ತು.

"ಸುಡುಗಾಡ ಆಗ್ಯದ" ಎಂದಳು ರೇಣುಕಾ.

"ಶಿಸ್ತು ಅಂತಾರ ಅದಕ್ಕ" ಎಂದೆ.

ನನಗೆ ಆಗಲೇ ಹೊಳೆಯಬೇಕಿತ್ತು. ಹಾಸ್ಟೆಲ್ ಇಡೀ ತೆಪ್ಪಗಿದ್ದರೆ ವಾರ್ಡನ್ ಆದವಳು ಮೊದಲು ಮಾಳಿಗೆ ಹತ್ತಿ ನೋಡಬೇಕು. ಅರವತ್ತು ಹುಡುಗಿಯರು ಅಲ್ಲಿ ಹುಣಸೆಕಾಯಿಗೆ ಉಪ್ಪು ಖಾರ ಹಚ್ಚಿಕೊಂಡು ಕೂತಿರುತ್ತಾರೆ.

ಗುರುವಾರ ಬೆಳಿಗ್ಗೆ ಫೋನ್ ಕುಂಯ್ ಎಂದಿತು. ತೆರೆದು ನೋಡಿದರೆ ಮಂಗಳವಾರವೇ ನನ್ನನ್ನು ಹೊಸ ಗ್ರೂಪಿಗೆ ಸೇರಿಸಿದ್ದಾರೆ, ನಾನು ಗಮನಿಸಿರಲಿಲ್ಲ. ಹೆಸರು: ವಾರ್ಡನ್ ಇಲ್ಲದ ಗ್ರೂಪ್.

ಯಾರೋ ಪುಣ್ಯಾತ್ಮ ಹಳೆಯ ಗ್ರೂಪಿನ ಹೆಸರುಗಳನ್ನು ಇಡಿಯಾಗಿ ಎತ್ತಿಕೊಂಡು ಹೋಗಿದ್ದ. ಅದರಲ್ಲಿ ನನ್ನದೂ ಇತ್ತು. ಪ್ರೋಗ್ರಾಮರ್‌ಗಳು! ಒಂದು ಹೆಸರು ಬಿಟ್ಟು ಉಳಿದವನ್ನು ಎತ್ತಲು ಬರಬಾರದೇ?

ಕೆಮ್ಮಲಿಲ್ಲ, ಕದಲಲಿಲ್ಲ. ಡಾರ್ಮಿಟರಿಯ ಬಾಗಿಲ ಹಿಂದೆ ನಿಂತ ಹಾಗೆ ನಿಂತು ಓದಿದೆ. ನನಗೆ 'ಗಂಟಿ ಬಾಯಿ', ಅಂದರೆ ಗಂಟೆ ಬಾರಿಸುವಾಕೆ, ಎಂದು ಹೆಸರಿಟ್ಟಿದ್ದರು. "ಆಕಿ ಮಲಗೋದು ಯಾವಾಗಲೇ?" ಎಂದು ಒಬ್ಬ ಕೇಳಿದ್ದ. "ಮಲಗಂಗಿಲ್ಲಪ್ಪ, ಚಾರ್ಜಿಗಿ ಇಡ್ತಾರ" ಎಂದು ಇನ್ನೊಬ್ಬ ಹೇಳಿದ್ದ. (ಚೆನ್ನಾಗಿದೆ ಎಂದು ಒಪ್ಪಿಕೊಳ್ಳಲೇಬೇಕು.)

ಉಳಿದಂತೆ ಎಲ್ಲ ಮೊದಲಿನ ಹಾಗೇ. ಗುಲಾಬಿ, "ನಡೀವಲ್ದು", ಭಜಿ. ಮತ್ತೆ ಆ ರಾಶಿಯ ನಡುವೆ, ಎರಡು ದಿನದಲ್ಲಿ ಮೂರು ಸಲ ಹಾಕಿದ್ದ ಒಂದೇ ಪ್ರಶ್ನೆ:

"ನಾ ದೇವಮ್ಮ, ಊರು ಕೊಂಕಲ್. ನಮ್ಮ ಮನ್ಯಾಗ ಕುರಿ ಅವ. ಯಾವ ಕುರಿಗಿ ಯಾವಾಗ ಸೂಜಿ ಹಾಕ್ಸೋದು ಅಂತ ನೆನಪು ಮಾಡೋ ಪ್ರೋಗ್ರಾಮ್ ಬರ್ದೀನಿ. ಅಪ್ಪ ಟಗರ ಮಾರ್ಯಾನ, ಅದಕ್ಕೂ ನೆನಪು ಮಾಡಾಕತ್ತದ. ಪಟ್ಟಿಯಿಂದ ಟಗರ ತಗದು ನೋಡ್ದೆ, ಮರುದಿನ ತಿರುಗಿ ಬಂತು. ತಾರೀಖು ಅಳಿಸಿ ನೋಡ್ದೆ, ಎಲ್ಲಾ ಕುರಿ ತಾರೀಖೂ ಹೋದ್ವು. ಬರ್ದಿದ್ದು ಕೆಳಗ ಹಾಕೀನಿ. ಎಲ್ಲಿ ತಪ್ಪೀನಿ ಹೇಳ್ರಿ."

ಮೂರು ಸಲವೂ ಕೆಳಗೆ ಗುಲಾಬಿ.

ನನಗೆ ಕೋಡ್ ಓದಲು ಬರುವುದಿಲ್ಲ. ಆದರೆ ಹಾಸ್ಟೆಲಿನ ಸ್ನಾನದ ಸಾಲು ನೋಡಿದವಳು ನಾನು. ಬಿಸಿನೀರಿನ ಹಂಡೆ ಒಂದೇ. ಖಾಲಿ ಬಕೆಟ್ ತಂದವಳು ಪೂರಾ ಬಿಸಿನೀರು ತುಂಬಿಸಿಕೊಂಡು ಹೋದರೆ ಸಾಲಿನ ಕೊನೆಯವಳಿಗೆ ಹಂಡೆಯ ತಳದ ಮಸಿ. ಅದಕ್ಕೇ ನನ್ನದೊಂದು ರೂಲು: ಅರ್ಧ ಬಕೆಟ್ ತಣ್ಣೀರು ನೀನೇ ಸೇದಿಕೊಂಡು ಬಾ. ಉಳಿದರ್ಧಕ್ಕೆ ಬಿಸಿನೀರು ಸಿಗುತ್ತದೆ. ಖಾಲಿ ತಂದರೆ ಸಾಲಿನಲ್ಲಿ ಜಾಗವಿಲ್ಲ. (ಬಕೆಟ್ ಹಿಡಿಯುವ ವಿದ್ಯೆ ಬೇರೆ. ಅದನ್ನು ನಮ್ಮವರಿಗೆ ಯಾರೂ ಕಲಿಸಬೇಕಾಗಿಲ್ಲ.)

ಕೊಂಕಲ್ಲಿನ ಈ ಹುಡುಗಿ ಅರ್ಧವಲ್ಲ, ಮುಕ್ಕಾಲು ಬಕೆಟ್ ಹೊತ್ತು ತಂದು ಎರಡು ದಿನದಿಂದ ನಿಂತಿದ್ದಾಳೆ! ಟೈಮ್‌ಟೇಬಲ್ ಹಾಕಿ ನಾನು ಗದ್ದಲವನ್ನು ಓಡಿಸಿದೆ ಅಂದುಕೊಂಡರೆ, ಗದ್ದಲದ ಜೊತೆ ಇವಳನ್ನೂ ಓಡಿಸಿದ್ದೆ.

ಬಾಗಿಲ ಹಿಂದಿನಿಂದ ಈಚೆಗೆ ಬಂದೆ. "ಎಲ್ಲರೂ ಸಾಲಾಗಿ ನಿಲ್ಲಿರಿ" ಎಂದು ಟೈಪ್ ಮಾಡಿದೆ.

"ಅಯ್ಯಯ್ಯೋ, ಗಂಟಿ ಬಾಯಿ ಇಲ್ಲೇ ಅದಾರ!"

ಒಂದೇ ನಿಮಿಷದಲ್ಲಿ ನಲವತ್ತು ಜನ ಓಡಿಹೋದರು. ಓಡಿ ಎಲ್ಲಿಗೆ ಹೋದಾರು? ಹಳೆಯ ಗ್ರೂಪಿಗೇ. ಅಲ್ಲಿಗೂ ನಾನು ಹೋದೆ. ಟೈಮ್‌ಟೇಬಲ್ ರದ್ದು ಎಂದೆ. ಬಕೆಟ್ಟಿನ ರೂಲು ಹೇಳಿದೆ.

"ಅಮ್ಮಾರ, ಇಲ್ಲಿ ತಣ್ಣೀರು ಅಂದ್ರ ಏನ್ರಿ?" ಎಂದು ಒಬ್ಬ ಕೇಳಿದ.

"ಮೂರು ಮಾತು. ಏನು ಮಾಡಬೇಕಂತಿದ್ದಿ, ಏನಾತು, ನೀ ಏನೇನು ಮಾಡಿ ನೋಡಿದಿ. ಫೋಟೋ ಹಾಕಿದ್ರ ಅದರಾಗ ಕಾಲು ಇರಬಾರದು."

ಹಂಡೆಯ ಹತ್ತಿರ ನಿಂತವರಿಗೂ, ಅಂದರೆ ಇಲ್ಲಿ ಉತ್ತರ ಕೊಡುವವರಿಗೂ, ಒಂದು ರೂಲು ಇತ್ತು, ಅದನ್ನೂ ಹೇಳಿದೆ: ನೀರು ಹಾಕಬೇಕು, "ಇಷ್ಟೂ ಗೊತ್ತಿಲ್ಲೇನು" ಎನ್ನಬಾರದು. ಗುಲಾಬಿಯವರಿಗೆ ರೇಣುಕಾ 'ಹೂವಿನ ತೋಟ' ಎಂದು ಬೇರೆ ಗ್ರೂಪ್ ಮಾಡಿ ಪ್ರಿನ್ಸಿಪಾಲರನ್ನೇ ಅದರ ಅಡ್ಮಿನ್ ಮಾಡಿದಳು. ಅವರು ಬಹಳ ಖುಷಿಯಾಗಿದ್ದಾರೆ. ಈಗ ದಾಸವಾಳವೂ ಬರುತ್ತಿದೆಯಂತೆ.

ಶುಕ್ರವಾರ ಆ "ನಡೀವಲ್ದು" ಮಹಾಶಯ ಮೂರು ಮಾತು ಬರೆಯಲು ಕೂತ. ಮೊದಲನೆಯದು ಬರೆದ. ಎರಡನೆಯದರ ಅರ್ಧಕ್ಕೆ ಬಂದು, "ಅಯ್ಯ, ಸಿಕ್ತು ಬಿಡ್ರಿ" ಎಂದು ಎದ್ದುಹೋದ. ಎಷ್ಟೋ ಪ್ರಶ್ನೆಗಳು ಸರಿಯಾಗಿ ಕೇಳಲು ಹೊರಟ ಕೂಡಲೇ ಸತ್ತುಹೋಗುತ್ತವೆ. ಮನೆಯ ಜಗಳಗಳಿಗೂ ಹೀಗೇ ಬರೆದು ಕೊಡಬೇಕೆಂಬ ರೂಲು ಮಾಡಿದರೆ ಹೇಗೆ?

ಆದರೆ ಹಣಮಂತ ಬರಲಿಲ್ಲ. ರೇಣುಕಾ ಎರಡು ಸಲ ಮೆಸೇಜ್ ಮಾಡಿದ್ದಳು. "ನೋಡ್ಯಾನ, ದೊಡ್ಡವ್ವ. ಉತ್ತರ ಇಲ್ಲ" ಎಂದಳು. ಹಳೆಯ ಗ್ರೂಪಿನಲ್ಲಿ ಮತ್ತೆ ಹಾಕಿದ ದೇವಮ್ಮನ ಪ್ರಶ್ನೆಗೆ ಮೂರ್ನಾಲ್ಕು ಜನ ಏನೇನೋ ಹೇಳಿದರು. ಟಗರು ಮಾತ್ರ ಮರುದಿನ ತಿರುಗಿ ಬರುತ್ತಲೇ ಇತ್ತು.

ಶನಿವಾರ ಹನ್ನೊಂದಕ್ಕೆ ನಾನೇ ಹಣಮಂತನಿಗೆ ಫೋನ್ ಹಚ್ಚಿದೆ.

"ನಾ ರೇಣುಕಾನ ದೊಡ್ಡವ್ವ."

"ಗಂಟಿ ಬಾಯಿಯವ್ರೇನ್ರಿ?"

ಕಡೇಚೂರಿನವರೆಗೂ ಹೆಸರು ಹೋಗಿದೆ!

"ಹೌದಪ್ಪ. ಯಾಕ ಬಿಟ್ಟಿ?"

"ಬ್ಯಾಸರ ಆತ್ರಿ, ಅಮ್ಮಾರ. ಡ್ಯೂಟಿ ಮುಗಿಸಿ, ಕೈಕಾಲು ತೊಳ್ಕೊಂಡು ಕೂತು ಬರೀತೀನಿ. ಓದೋರಿಲ್ಲ. ಹೆಬ್ಬಟ್ಟಿನ ಚಿತ್ರ ಒತ್ತಿ ಹೋಗ್ತಾರ. ನಾ ಹೇಳಿದಂಗ ಮಾಡಿದ್ರೋ ಇಲ್ಲೋ, ನಡೀತೋ ಇಲ್ಲೋ, ಒಬ್ಬರೂ ತಿರುಗಿ ಬಂದು ಹೇಳಂಗಿಲ್ರಿ. ಬಾವ್ಯಾಗ ಕಲ್ಲು ಒಗದ್ರ ಸಪ್ಪಳಾರ ಬರ್ತದ. ಇಲ್ಲಿ ಅದೂ ಇಲ್ಲ."

ಬೈಯಲೆಂದು ನಾಲ್ಕು ಮಾತು ಸಿದ್ಧ ಮಾಡಿಕೊಂಡಿದ್ದೆ. ನುಂಗಿದೆ. ಹಂಡೆಯ ಹತ್ತಿರ ನಿಂತ ಹುಡುಗಿಗೆ ನಾನು ರೂಲು ಹೇಳಿದ್ದುಂಟು. ಹೊಗೆಯಲ್ಲಿ ನಿಂತು ನಾಲ್ಕುನೂರು ಬಕೆಟ್ಟಿಗೆ ನೀರು ಹಾಕಿದವಳಿಗೆ, ನಿನಗೇನು ಬೇಕವ್ವ ಎಂದು ಒಂದು ದಿನವೂ ಕೇಳಿದ ನೆನಪಿಲ್ಲ.

"ಬಾ ಅಂತ ನಾ ಕರಿಯಂಗಿಲ್ಲ. ಒಂದು ಓದ್ತೀನಿ, ಕೇಳು" ಎಂದೆ. ದೇವಮ್ಮನ ಪ್ರಶ್ನೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ.

ಅವನ ಮನೆಯಲ್ಲಿ ಕುಕ್ಕರ್ ಎರಡು ಸೀಟಿ ಹೊಡೆಯಿತು.

"ಮಾರಿದ ಟಗರಿಗೂ ಸೂಜಿ ಏನ್ರಿ?" ನಕ್ಕ. ಆಮೇಲೆ ತನಗೆ ತಾನೇ ಎಂಬಂತೆ, "ತಗದ್ರೂ ಮರುದಿನ ಬರ್ತದಂದ್ರ... ಪಟ್ಟಿ ಎರಡು ಕಡಿ ಇಟ್ಟಾಳೇನು?"

"ನನಗೇನು ಗೊತ್ತಪ್ಪ?"

"ಕೋಡ್ ಹಾಕ್ಯಾಳಂದ್ರಲ್ಲ, ಅದನ್ನೊಂದಿಷ್ಟು ಓದ್ರಿ."

"ಬರೀ ಕಂಸ, ಚುಕ್ಕಿ ಅವ. ಓದಾಕ ಬರಂಗಿಲ್ಲ."

"ನನಗ ಕಳಿಸ್ರಿ ಹಂಗಾರ."

"ಕಳಿಸಂಗಿಲ್ಲ. ಗ್ರೂಪಿನ್ಯಾಗ ಅದ. ಬೇಕಾದ್ರ ಅಲ್ಲಿ ಹೋಗಿ ನೋಡು."

ಫೋನ್ ಇಟ್ಟೆ. ಕಾದೆ. ಹತ್ತು ನಿಮಿಷ. ಇಪ್ಪತ್ತು. ಹೆಚ್ಚು ಬಿಗಿ ಮಾಡಿದೆನೇ? ಮೂವತ್ತೈದನೇ ನಿಮಿಷಕ್ಕೆ ಯಾದಗಿರಿಯಿಂದ ರೇಣುಕಾ ಚೀರಿದ್ದು ಫೋನ್ ಇಲ್ಲದೆಯೂ ಕೇಳಿಸುತ್ತಿತ್ತೇನೋ.

"ದೊಡ್ಡವ್ವ! ಸೇರಿಸು ಅಂತ ಮೆಸೇಜ್ ಮಾಡ್ಯಾನ!"

ಬಂದವನು ನಮಸ್ಕಾರ ಹೇಳಲಿಲ್ಲ. ನೇರವಾಗಿ ಕೇಳಿದ: "ದೇವಮ್ಮ ತಂಗಿ, ಪಟ್ಟಿ ಎಷ್ಟು ಕಡಿ ಇಟ್ಟೀಯವ್ವ?"

"ಎರಡು ಕಡಿ ಅಣ್ಣ. ಒಂದು ನೋಡಾಕ, ಒಂದು ಜೋಪಾನ ಇರಲಿ ಅಂತ." ಸ್ವಲ್ಪ ಹೊತ್ತು ಬಿಟ್ಟು: "ಅಯ್ಯ!"

"ಹೂಂ. ಜೋಪಾನ ಇಟ್ಟಿದ್ದರಾಗಿಂದು ತಗದೇ ಇಲ್ಲ ನೀ, ಮರುದಿನ ಅಲ್ಲಿಂದ ತಿರುಗಿ ಬರ್ತದ" ಎಂದು ಶುರುಮಾಡಿ, ಏನು ಬದಲಿಸಬೇಕೆಂದು ಆರು ಸಾಲು ಬರೆದ. ಮುನ್ನೂರು ಜನ ನೋಡುತ್ತಿದ್ದರು. ಒಬ್ಬನೂ ಹೆಬ್ಬಟ್ಟು ಎತ್ತಲಿಲ್ಲ. ನಾನು ಕೊನೆಯ ರೂಲು ಹಾಕಿದೆ: ಉತ್ತರ ತೆಗೆದುಕೊಂಡವರು ಮರುದಿನದೊಳಗೆ ಬಂದು, ನಡೆಯಿತೋ ಇಲ್ಲವೋ ಹೇಳಬೇಕು.

ಭಾನುವಾರ ಬೆಳಿಗ್ಗೆ ದೇವಮ್ಮ ಬಂದಳು. "ನಡೀತ್ರಿ ಅಣ್ಣ. ಟಗರ ಹೋತು, ಉಳಿದ ಕುರಿ ತಾರೀಖು ಎಲ್ಲಾ ಬರೋಬ್ಬರಿ ಅವ. ಅಪ್ಪಗ ತೋರ್ಸಿದೆ. ಅವ ಸಪ್ಪಗಾದ. ದಿನಾ ಮುಂಜಾನಿ ಟಗರ ಹೆಸರು ಬರ್ತಿತ್ತು, ಛಂದ ಅನ್ಸ್ತಿತ್ತು ಅಂದ."

ಹಣಮಂತ ಅದಕ್ಕೆ ಉತ್ತರ ಬರೆದ: "ಹಂಗಾರ ಮಾರಿದ್ದರ ಹೆಸರು ಬ್ಯಾರೆ ಪಟ್ಯಾಗ ಇಡೋಣ. ಹೆಂಗ ಮಾಡ್ತಿ, ನೀನೇ ಮೊದಲು ಬರ್ದು ತೋರ್ಸು. ಸಂಜಿಕ ಬಂದು ನೋಡ್ತೀನಿ."

ಸಂಜೆ ಬರುತ್ತಾನಂತೆ! ರೇಣುಕಾ ಅದನ್ನು ನನಗೆ ಎರಡು ಸಲ ಓದಿ ಹೇಳಿದಳು.

ಬಲ್ಲವರೆಲ್ಲ ಗ್ರೂಪ್ ಬಿಟ್ಟು ಹೋದರು ಎಂದು ಅಳುತ್ತೇವಲ್ಲ, ಅವರು ಹೋಗುವ ಹಿಂದಿನ ದಿನ ನಾವು ಕೇಳಿದ್ದ ಪ್ರಶ್ನೆ ಯಾವುದು?