ದಿನವೂ ಹೆರುವ ಸಿಸ್ಟರ್

ಜೊಂಬಾ ಊರಿನ ನರ್ಸಿಂಗ್ ಶಾಲೆಯಲ್ಲಿ ಸಿಸ್ಟರ್ ನಾಬಂಡಾ ಊಟಕ್ಕೆ ಮುಂಚೆ ಒಂದು ಸಲ, ಊಟವಾದ ಮೇಲೆ ಇನ್ನೊಂದು ಸಲ ಹೆರುತ್ತಾರೆ. ರಬ್ಬರಿನ ಹೊಟ್ಟೆಯನ್ನು ಸೊಂಟಕ್ಕೆ ಬಿಗಿದು, ಅದರೊಳಗೆ ಬೊಂಬೆ ಮಗುವನ್ನು ತುರುಕಿ, ಮೇಲೆ ತಮ್ಮದೇ ಹೂವಿನ ಚಿತೆಂಜೆ ಬಟ್ಟೆ ಸುತ್ತಿಕೊಂಡು ಮಂಚ ಹತ್ತಿದರೆಂದರೆ ಅವರು ಟೀಚರಲ್ಲ, ಬಸುರಿ. ಒಂದು ದಿನ ಬಾಯಿಯೇ ಬಿಡದ ಚೊಚ್ಚಲ ಬಸುರಿ, ಇನ್ನೊಂದು ದಿನ ವಿದ್ಯಾರ್ಥಿನಿಯ ಕೈ ತಳ್ಳಿ, "ಐದು ಹೆತ್ತವಳು ಕಣೇ ನಾನು. ನೀನೆಷ್ಟು ಹೆತ್ತಿದ್ದೀ?" ಎಂದು ಗದರುವ ಹೆಂಗಸು. "ಇನ್ನೂ ಮದ್ವೇನೇ ಆಗಿಲ್ಲಮ್ಮಾ" ಅಂದವಳಿಗೆ, "ಹಾಗಾದ್ರೆ ಮೊದ್ಲು ಕೈ ತೊಳ್ಕೊಂಡು ಬಾ" ಎಂಬ ಉತ್ತರ. ಅವರ ಕೂಗಿಗೆ ಗೇಟಿನಾಚೆ ಜೋಳದ ತೆನೆ ಸುಡುವವಳು, "ಇವತ್ತು ಗಂಡೋ ಹೆಣ್ಣೋ?" ಎಂದು ಕೇಳುತ್ತಾಳೆ. ಬೊಂಬೆ ಅಳುವುದು ಸಿಸ್ಟರ್ ತಮ್ಮ ಕೈಯಲ್ಲಿನ ರಬ್ಬರಿನ ಗಾಳಿಯುಂಡೆ ಒತ್ತಿದಾಗ ಮಾತ್ರ. ಚೆನ್ನಾಗಿ ಒರೆಸಿ, ಬೆನ್ನುಜ್ಜಿ, ಅದರ ಮೂಗುಬಾಯಿಗೆ ಸರಿಯಾಗಿ ಗಾಳಿ ಕೊಟ್ಟವರಿಗೆ ಅದು ಅತ್ತೇ ಅಳುತ್ತದೆ. ಮೊನ್ನೆ ಮಾತ್ರ, ಮರುವಾರವೇ ನಿಜವಾದ ಹೆರಿಗೆ ವಾರ್ಡಿಗೆ ಹೋಗಬೇಕಿದ್ದ ವಿದ್ಯಾರ್ಥಿನಿ ತಡಾಲಾ ಎಲ್ಲವನ್ನೂ ಸರಿಯಾಗಿ ಮಾಡಿದರೂ ಬೊಂಬೆ ಅಳಲಿಲ್ಲ. ಮತ್ತೆ ಮಾಡಿದಳು, ಬೆವೆತಳು. "ಎಲ್ಲಿ ತಪ್ಪಾಯ್ತು ಸಿಸ್ಟರ್?" "ಎಲ್ಲೂ ತಪ್ಪಿಲ್ಲ ಮಗಳೇ," ಎಂದರು ಸಿಸ್ಟರ್, ನರಳಿಕೆ ನಿಲ್ಲಿಸಿ. "ಕೆಲವು ಮಕ್ಕಳು ಅಳೋದಿಲ್ಲ. ಅದನ್ನೀಗ ತಾಯಿಗೆ ಹೇಳು." ಹಾಗೆಂದವರೇ ಮತ್ತೆ ಬಾಣಂತಿಯಾಗಿ ಎರಡೂ ಕೈ ಚಾಚಿದರು. ತಡಾಲಾ ಬೊಂಬೆಯನ್ನು ಬಟ್ಟೆಯಲ್ಲಿ ಸುತ್ತಿ, ಮಂಚದ ಅಂಚಿನಲ್ಲಿ ಕೂತು, ನೆಲ ನೋಡುತ್ತ ಹೇಳಿದಳು: "ಅಮ್ಮಾ, ನಿಮ್ಮ ಮಗು ಉಳೀಲಿಲ್ಲ." ಸಿಸ್ಟರ್ ಕೂಗಲಿಲ್ಲ, ಗದರಲಿಲ್ಲ. ಬೊಂಬೆಯನ್ನು ಎದೆಗೆ ಒತ್ತಿಕೊಂಡು, "ಇನ್ನೊಂದ್ಸಲ ಹೇಳು," ಎಂದರು, "ಈ ಸಲ ನನ್ನ ಮುಖ ನೋಡ್ಕೊಂಡು."