ನಾಲ್ಕು ಗಂಟೆಯ ಮೇಲೆ ನಡೆಯದ ಟಿಕೆಟ್

ಜಪಾನಿನ ಫುನಾಬೊರಿಯಲ್ಲಿರುವ ನಮ್ಮ ಅಪಾರ್ಟ್‌ಮೆಂಟಿಗೆ ಕನ್ನಡದವರು ಯಾರೇ ಹೊಸದಾಗಿ ಬಂದರೂ ಮೊದಲ ವಾರದಲ್ಲೇ ನನ್ನ ಮನೆಯ ಬೆಲ್ ಒತ್ತುತ್ತಿದ್ದರು. ಯಾವ ದಿನ ಯಾವ ಕಸ ಹೊರಗಿಡಬೇಕು, ತೊಗರಿಬೇಳೆ ಎಲ್ಲಿ ಸಿಗುತ್ತದೆ, ಮಗುವಿಗೆ ಜ್ವರ ಬಂದರೆ ಯಾವ ಡಾಕ್ಟರು, ಎಲ್ಲವನ್ನೂ ಹೇಳುತ್ತಿದ್ದೆ. ಒಂಬತ್ತು ವರ್ಷದಿಂದ ಇಲ್ಲಿದ್ದೇನೆ ಎನ್ನುವುದನ್ನು ಯಾವುದಾದರೂ ನೆಪದಲ್ಲಿ ಮಾತಿನ ನಡುವೆ ಸೇರಿಸುತ್ತಲೂ ಇದ್ದೆ.

ಮೂರನೇ ಮಹಡಿಗೆ ಮೈಸೂರಿನ ಒಂದು ಕುಟುಂಬ ಬಂತು. ಗಂಡನಿಗೆ ದೂರದ ಕಾವಾಸಾಕಿ ಊರಿನಲ್ಲಿ ಕೆಲಸ. ಹೆಂಡತಿ ಮೈಸೂರಿನ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದವಳು. ಇಲ್ಲಿ ಬೀದಿ ಮೂಲೆಯ ಕೊಂಬಿನಿ ಅಂಗಡಿಗೆ ಹೋಗಿ ಹಾಲು ತರುವುದಕ್ಕೂ ಹೆದರುತ್ತಿದ್ದಳು. ನಾಲ್ಕು ವರ್ಷದ ಮಗಳನ್ನು ಹತ್ತಿರದ ಶಿಶುವಿಹಾರಕ್ಕೆ ಸೇರಿಸಿದ್ದರು. ನಾಲ್ಕೈದು ಸ್ಟೇಷನ್ ಆಚೆ ವಾರಕ್ಕೆರಡು ಮಧ್ಯಾಹ್ನ ಜಪಾನಿ ಭಾಷೆ ಕಲಿಸುವ ತರಗತಿ ಇದೆಯೆಂದು ತಿಳಿದಾಗ, ಹೋಗು ಎಂದು ಒತ್ತಾಯ ಮಾಡಿದವಳು ನಾನೇ.

"ಟ್ರೈನಿಗೆ ಕಡಿಮೆ ರೇಟಿನ ಕೂಪನ್ ಇದೆ, ಅದನ್ನೇ ತಗೋ," ಎಂದೆ. ಜನಸಂದಣಿ ಇಲ್ಲದ ಹೊತ್ತಿನಲ್ಲಿ ಓಡಾಡುವವರಿಗೆಂದು ಕಂತೆಯಾಗಿ ಮಾರುವ ಟಿಕೆಟ್ ಅದು.

"ಟೈಮಿಂದು ಏನೋ ರೂಲ್ ಇರತ್ತಂತಲ್ಲ ಅಕ್ಕ?"

"ಬೆಳಗ್ಗೆ ಹತ್ತರ ಮೇಲೆ ಯಾವಾಗ ಬೇಕಾದ್ರೂ ನಡೆಯತ್ತೆ. ನಾನು ಎಷ್ಟು ಸಲ ಹೋಗಿಲ್ಲ?"

ಅವಳು ಮರೆಯಬಾರದೆಂದು ಒಂದು ಚೀಟಿಯಲ್ಲಿ ಕನ್ನಡದಲ್ಲಿ ಹಾಗೆಯೇ ಬರೆದುಕೊಟ್ಟೆ. ಹತ್ತರ ಲೆಕ್ಕ ಯಾರಿಂದಲೋ ಕೇಳಿದ್ದು; ನಾನು ಆ ಟಿಕೆಟ್ ಬಳಸುತ್ತಿದ್ದುದು ಶನಿವಾರ, ಭಾನುವಾರ ಮಾತ್ರ. ಆ ದಿನಗಳಲ್ಲಿ ಹೊತ್ತಿನ ನಿರ್ಬಂಧವೇ ಇಲ್ಲ. ವಾರದ ದಿನಗಳಲ್ಲಾದರೆ ಹತ್ತರಿಂದ ನಾಲ್ಕರೊಳಗೆ ಸ್ಟೇಷನ್ ಗೇಟು ದಾಟಬೇಕು. ಟಿಕೆಟ್ಟಿನ ಮೇಲೆ ಅದು ಸಣ್ಣ ಅಕ್ಷರದಲ್ಲಿ ಇತ್ತು. ನಾನು ಓದಿರಲಿಲ್ಲ. ನಿಜ ಹೇಳಬೇಕೆಂದರೆ, ಅಷ್ಟು ಜಪಾನಿ ಓದಲು ನನಗೆ ಆಗಲೂ ಬರುತ್ತಿರಲಿಲ್ಲ.

ಮೂರು ವಾರ ಏನೂ ಆಗಲಿಲ್ಲ, ಅವಳು ಮೂರೂವರೆಗೇ ಹೊರಟುಬಿಡುತ್ತಿದ್ದಳು. ನಾಲ್ಕನೇ ವಾರ ಒಬ್ಬರು ಟೀಚರ್ ಕೆಲಸ ಬಿಡುತ್ತಿದ್ದಾರೆಂದು ಎಲ್ಲರನ್ನೂ ನಿಲ್ಲಿಸಿ ಫೋಟೊ ತೆಗೆದರಂತೆ. ಅವಳು ಸ್ಟೇಷನ್ ಮುಟ್ಟುವಾಗ ನಾಲ್ಕು ದಾಟಿತ್ತು. ಗೇಟು ಕೆಂಪು ದೀಪ ತೋರಿಸಿ ಮುಚ್ಚಿಕೊಂಡಿತು. ಹಿಂದಿದ್ದವರು ಪಕ್ಕದ ಗೇಟಿಗೆ ಸರಿದರು. ಸಿಬ್ಬಂದಿಯೊಬ್ಬರು ಬಂದು ಮೆತ್ತಗೆ ಏನೇನೋ ಹೇಳಿದರು, ಗಡಿಯಾರ ತೋರಿಸಿದರು. ಇವಳಿಗೆ ಅರ್ಥವಾದದ್ದು ಒಂದೇ, ತಾನೇನೋ ಮೋಸ ಮಾಡಿ ಸಿಕ್ಕಿಬಿದ್ದಿದ್ದೇನೆ ಎಂದು. ಬೇರೆ ಟಿಕೆಟ್ ತೆಗೆದುಕೊಂಡು ಹೋಗಬಹುದು ಎಂಬುದು ಹೊಳೆಯಲಿಲ್ಲ. "ಸುಮಿಮಾಸೆನ್, ಸುಮಿಮಾಸೆನ್" ಎಂದು ಕ್ಷಮೆ ಕೇಳುತ್ತಾ ಕೌಂಟರಿನ ಪಕ್ಕದಲ್ಲೇ ನಿಂತಳು.

ಅಲ್ಲಿಂದ ನನಗೆ ಎರಡು ಸಲ ಫೋನ್ ಮಾಡಿದ್ದಾಳೆ. ನಾನು ಆಗ ಕೋಡುಬಳೆ ಕರಿಯುತ್ತಿದ್ದೆ. ಫೋನಿನಲ್ಲಿ ಅವಳ ಹೆಸರು ನೋಡಿದೆ. ಮತ್ತೇನೋ ಕೇಳಬೇಕಾಗಿರುತ್ತದೆ, ಆಮೇಲೆ ಮಾಡಿದರಾಯಿತು ಎಂದುಕೊಂಡು ಬಾಣಲೆಯ ಕಡೆ ತಿರುಗಿದೆ.

ನಾಲ್ಕೂವರೆಗೆ ಮಗಳನ್ನು ಕರೆದುಕೊಳ್ಳಲು ಯಾರೂ ಬಾರದಿದ್ದಾಗ ಶಿಶುವಿಹಾರದವರು ಅಪ್ಪನ ಆಫೀಸಿಗೆ ಫೋನ್ ಮಾಡಿದರು. ಅವನು ಮೀಟಿಂಗ್ ಬಿಟ್ಟು ಕಾವಾಸಾಕಿಯಿಂದ ಓಡಿಬಂದ. ಬಹಳ ಹೊತ್ತಿನ ಮೇಲೆ ಸಿಬ್ಬಂದಿಯೇ ಬೇರೆ ಟಿಕೆಟ್ ಕೊಡಿಸಿ ಕಳಿಸಿದಾಗ ಅವಳು ಶಿಶುವಿಹಾರಕ್ಕೆ ಓಡುವಷ್ಟರಲ್ಲಿ, ಅವನು ಮಗುವಿನ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದನಂತೆ.

ಇದೇನೂ ತಿಳಿಯದೆ ನಾನು ಸಂಜೆ ಒಂದು ಡಬ್ಬಿ ಕೋಡುಬಳೆ ಹಿಡಿದು ಅವರ ಮನೆಗೆ ಹೋದೆ.

"ನೋಡಿ ಅಕ್ಕ, ನೀವೇ ಹೇಳಿ ಇವಳಿಗೆ," ಎಂದ ಗಂಡ. "ಎಮ್ಮೆಸ್ಸಿ ಓದಿದಾಳೆ, ಒಂದು ಟಿಕೆಟ್ ಮೇಲಿನ ಟೈಮ್ ನೋಡ್ಕೊಳಕ್ಕೆ ಬರಲ್ಲ. ಮ್ಯಾನೇಜರ್ ಮುಂದೆ ನನ್ನ ಮುಖ ಏನಾಗ್ಬೇಕು? ಆ ಕ್ಲಾಸೂ ಬೇಡ, ಓಡಾಟಾನೂ ಬೇಡ."

ಅವಳು ನೆಲದ ಮೇಲೆ ಕುಳಿತು ಮಗಳ ಕಾಲುಚೀಲ ಬಿಚ್ಚುತ್ತಿದ್ದಳು. ತಲೆಯೆತ್ತಿ ಒಂದು ಸಲ ನನ್ನನ್ನು ನೋಡಿದಳು. ತಪ್ಪು ನನ್ನದು ಎನ್ನಲು ಎಷ್ಟು ಹೊತ್ತು ಬೇಕಿತ್ತು? ನಾನು ಅಂದದ್ದು, "ಹೊಸದರಲ್ಲಿ ಹಾಗೇ ಆಗತ್ತೆ, ಕಲಿತ್ಕೋತಾಳೆ." ದೊಡ್ಡತನದ ಧ್ವನಿಯಲ್ಲಿ ಅಂದೆ. ಡಬ್ಬಿ ಇಟ್ಟು ಬಂದುಬಿಟ್ಟೆ.

ಅವಳು ತರಗತಿಗೆ ಹೋಗುವುದನ್ನು ನಿಲ್ಲಿಸಿದಳು. ಲಿಫ್ಟಿನಲ್ಲಿ ಸಿಕ್ಕರೆ ನಗುತ್ತಿದ್ದಳು. ಅವಳು ಎದುರಾಗದಿರಲೆಂದು ನಾನಿರುವ ಆರನೇ ಮಹಡಿಯಿಂದ ಮೆಟ್ಟಿಲಿಳಿಯುವ ಅಭ್ಯಾಸ ಮಾಡಿಕೊಂಡೆ. ಹತ್ತು ಹನ್ನೆರಡು ದಿನವಾದ ಮೇಲೆ ಒಂದು ಬೆಳಗ್ಗೆ ತಡೆಯಲಾಗದೆ ಅವಳ ಮನೆಗೆ ಹೋದೆ.

"ಅವತ್ತು ತಪ್ಪು ಹೇಳಿದ್ದು ನಾನು," ಎಂದೆ.

"ಗೊತ್ತು ಅಕ್ಕ. ನೀವು ಬರ್ಕೊಟ್ಟ ಚೀಟಿ ಪರ್ಸಲ್ಲೇ ಇತ್ತು."

"ಮತ್ತೆ ಅವರಿಗೆ ಯಾಕೆ ತೋರಿಸ್ಲಿಲ್ಲ?"

"ನೀವು ಹೇಳ್ತೀರೇನೋ ಅಂತ ಕಾದೆ," ಎಂದಳು. ಕೋಪವಿರಲಿಲ್ಲ ಆ ಮಾತಿನಲ್ಲಿ. "ಆಮೇಲೆ ಬೇಡ ಅನ್ನಿಸ್ತು," ಎಂದಳು.

ನನ್ನ ಮಗಳ ವಯಸ್ಸಿನವಳಲ್ಲದಿದ್ದರೂ ನನಗಿಂತ ಹದಿನೈದು ವರ್ಷ ಚಿಕ್ಕವಳು. ಅವಳ ಮುಖ ನೋಡಲಾಗದೆ ಕಿಟಕಿಯಾಚೆ ಒಣಹಾಕಿದ್ದ ಬಟ್ಟೆ ನೋಡುತ್ತಾ ಕುಳಿತಿದ್ದೆ.

ಆ ಭಾನುವಾರ ಅವಳ ಗಂಡನಿಗೂ ಹೇಳಿದೆ. ಅವನು ನಕ್ಕುಬಿಟ್ಟ. "ಅಯ್ಯೋ ಬಿಡಿ ಅಕ್ಕ, ಆ ರೂಲ್ಸ್ ನಂಗೇ ಅರ್ಥ ಆಗಲ್ಲ. ಯಾರಿಗಾದ್ರೂ ಆಗತ್ತೆ."

ಅಡುಗೆಮನೆಯಲ್ಲಿ ಕಾಫಿ ಮಾಡುತ್ತಿದ್ದ ಅವಳ ಲೋಟದ ಸದ್ದು ನಿಂತಿತು. ಅವನ ಕ್ಷಮೆ ನನಗೆ ಅಷ್ಟು ಸಲೀಸಾಗಿ ಸಿಕ್ಕಿದ್ದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

"ಯಾರಿಗಾದ್ರೂ ಆಗತ್ತೆ ಅನ್ನೋದಾದ್ರೆ, ಅವತ್ತು ಅವಳಿಗೆ ಯಾಕೆ ಹಾಗಂದ್ರಿ?" ಎಂದು ಕೇಳಿದೆ. ಕೇಳುವ ಯೋಗ್ಯತೆ ನನಗಿರಲಿಲ್ಲ, ಆದರೂ ಕೇಳಿದೆ.

ಅವನು ಎದ್ದು ಅಡುಗೆಮನೆಯ ಬಾಗಿಲಿಗೆ ಹೋದ. "ಸಾರಿ ಕಣೇ. ಕೇಳದೇನೆ ಬೈದುಬಿಟ್ಟೆ," ಎನ್ನುವುದು ಕೇಳಿಸಿತು.

"ಕಾಫಿ ಆರೋಗತ್ತೆ, ಅಕ್ಕಂಗೆ ಕೊಡಿ," ಎಂದಳು ಅವಳು.

ತರಗತಿಯಲ್ಲಿ ಅವಳ ಜಾಗ ಆಗಲೇ ಇನ್ನೊಬ್ಬರಿಗೆ ಹೋಗಿತ್ತು. ಹೊಸ ಬ್ಯಾಚು ಶುರುವಾಗಲು ಐದು ತಿಂಗಳು ಕಾಯಬೇಕಾಯಿತು. ಈಗ ಹೋಗುತ್ತಿದ್ದಾಳೆ. ಹೊಸ ಬ್ಯಾಚಿನ ಮೊದಲ ದಿನ ಸ್ಟೇಷನ್ ಕೌಂಟರಿಗೆ ತಾನೇ ಹೋಗಿ, ಬರೆದುಕೊಂಡು ಹೋಗಿದ್ದ ಜಪಾನಿ ವಾಕ್ಯ ಓದಿ ಟಿಕೆಟ್ಟಿನ ಹೊತ್ತು ವಿಚಾರಿಸಿದಳೆಂದು ಅವಳ ಗಂಡ ಹೇಳಿದ. ನನಗೆ ಅವಳು ಹೇಳಲಿಲ್ಲ. ಹಬ್ಬಕ್ಕೆ ಕರೆಯುತ್ತಾಳೆ, ಅಕ್ಕ ಎಂದೇ ಅನ್ನುತ್ತಾಳೆ. ಆದರೆ ಆ ಐದು ತಿಂಗಳ ಮಧ್ಯಾಹ್ನಗಳನ್ನು ಅವಳು ಆ ಮನೆಯೊಳಗೆ ಹೇಗೆ ಕಳೆದಳು ಎಂದು ಕೇಳಲು ನನಗೆ ಇವತ್ತಿನವರೆಗೂ ಬಾಯಿ ಬಂದಿಲ್ಲ.